ಈಗ ಏನು ಕೇಳ್ತಾ ಇದ್ದೀರಿ?

ಬಹುದಿನಗಳ ಮೇಲೆ ಭೇಟಿಯಾದ ಇಬ್ಬರು ಜಾಝ್ ರಸಿಕರು ಕುಶಲೋಪರಿಯನ್ನು ಬೇಗನೆ ಮುಗಿಸಿ ಒಂದೇ ಪ್ರಶ್ನೆಗೆ ಬರುತ್ತಾರೆ: ‘ಈಗ ಏನು ಕೇಳ್ತಾ ಇದ್ದೀರಿ?’ ‘ಕೈಂಡ್ ಆಫ್ ಬ್ಲೂ’ ಎಂಬ ಉತ್ತರ ಬಂದರೆ ಎದುರಿನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮೈಲ್ಸ್ ಡೇವಿಸ್ ಅವರ ಆ ರೆಕಾರ್ಡಿನ ದೊಡ್ಡಸ್ತಿಕೆಯ ಬಗ್ಗೆ ಯಾರದೂ ತಕರಾರಿಲ್ಲ. ಹಾಗಾಗಿ ಮಾತೂ ಬೆಳೆಯುವುದಿಲ್ಲ. ‘ಹರ್ಬಿ ನಿಕೋಲ್ಸ್ ಅಂತ ಒಬ್ಬರು ಪಿಯಾನೊ ವಾದಕರು, ವಾರದಿಂದ ಬೇರೇನೂ ಹಾಕಿಲ್ಲ’ ಎಂದರೆ ಮಾತ್ರ ಕುರ್ಚಿ ಹತ್ತಿರಕ್ಕೆ ಸರಿಯುತ್ತದೆ. ಯಾವ ಕಂಪನಿ, ಯಾವ ವರ್ಷ, ಬೇಸ್ ಯಾರು, ಡ್ರಮ್ಸ್ ಯಾರು ಎಂದು ವಿಚಾರಣೆ ಶುರುವಾಗುತ್ತದೆ. ಡ್ರಮ್ಸ್ ನುಡಿಸಿದವರು ಆರ್ಟ್ ಬ್ಲೇಕಿ ಮತ್ತು ಮ್ಯಾಕ್ಸ್ ರೋಚ್ ಎಂದು ಗೊತ್ತಾದರೆ, ಅವತ್ತಿನ ಸಂಜೆ ಬೇರೆ ಕೆಲಸ ಆಗುವುದಿಲ್ಲ.

ನಿಕೋಲ್ಸ್ ಹೆಸರು ಇಂದು ಉಳಿದಿರುವುದೇ ಇಂಥ ಮಾತುಕತೆಯಿಂದ. 1955–56ರಲ್ಲಿ ಅವರು ಬ್ಲೂ ನೋಟ್ ಕಂಪನಿಗಾಗಿ ತಮ್ಮ ರಚನೆಗಳನ್ನು ನುಡಿಸಿದರು. ರೆಕಾರ್ಡುಗಳು ಮಾರಾಟವಾಗಲಿಲ್ಲ. ಹೊಟ್ಟೆಪಾಡಿಗಾಗಿ ತಮಗೆ ಒಗ್ಗದ ಹಳೆಯ ಶೈಲಿಯ ತಂಡಗಳಲ್ಲಿ ನುಡಿಸುತ್ತಲೇ 1963ರಲ್ಲಿ, 44ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಅವರ ಒಡನಾಡಿ, ಟ್ರೊಂಬೋನ್ ವಾದಕ ರಾಸ್ವೆಲ್ ರಡ್ ಆ ರಚನೆಗಳನ್ನು ದಶಕಗಳ ಕಾಲ ಜೋಪಾನ ಮಾಡಿ, ನುಡಿಸಿ, ಇತರರಿಗೂ ದಾಟಿಸಿದರು. ಎ.ಬಿ. ಸ್ಪೆಲ್‌ಮನ್ 1966ರಲ್ಲಿ ನಾಲ್ವರು ಜಾಝ್ ಕಲಾವಿದರ ಬದುಕಿನ ಬಗ್ಗೆ ಪುಸ್ತಕ ತಂದಾಗ ಅವರಲ್ಲಿ ನಿಕೋಲ್ಸ್ ಒಬ್ಬರಾಗಿದ್ದರು. 1987ರಲ್ಲಿ ಮೊಸಾಯಿಕ್ ಎಂಬ ಪುಟ್ಟ ಕಂಪನಿ ಅವರ ಬ್ಲೂ ನೋಟ್ ಮುದ್ರಿಕೆಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂಡಿಸಿ ಹೊರತಂದಿತು. ಆ ಕಂಪನಿಯನ್ನು ಕಟ್ಟಿದ ಮೈಕೆಲ್ ಕಸ್ಕುನಾ ಮತ್ತು ಚಾರ್ಲಿ ಲೌರಿ ಇಬ್ಬರೂ ಮೂಲತಃ ರೆಕಾರ್ಡಿನ ಹುಚ್ಚಿನವರೇ. ಅಂಗಡಿಗಳ ಗೊಡವೆಗೆ ಹೋಗದೆ, ಸೀಮಿತ ಪ್ರತಿಗಳನ್ನು ಅಂಚೆಯಲ್ಲೇ ಮಾರಿದರು.

‘ಶ್ರೇಷ್ಠ ಯಾವುದು’ ಎಂಬ ಪ್ರಶ್ನೆಗೂ ‘ಈಗ ಯಾವುದು’ ಎಂಬ ಪ್ರಶ್ನೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಮೊದಲನೆಯದಕ್ಕೆ ಐವತ್ತು ವರ್ಷಗಳಿಂದ ಹೆಚ್ಚುಕಡಿಮೆ ಅವೇ ಹೆಸರುಗಳು ಉತ್ತರವಾಗಿ ಬರುತ್ತಿವೆ. ಎರಡನೆಯದು ಮರೆತವರನ್ನು ಎಬ್ಬಿಸಿ ತರುತ್ತದೆ. ಜಾಝ್‌ನಂಥ ಮನೋಧರ್ಮ ಸಂಗೀತಕ್ಕೆ ಇದು ಇನ್ನೂ ಮುಖ್ಯ. ನಮ್ಮ ರಾಗಾಲಾಪನೆಯ ಹಾಗೆ ಅಲ್ಲಿಯೂ ಆ ಹೊತ್ತಿನಲ್ಲಿ ಹುಟ್ಟಿದ್ದು ಆ ಹೊತ್ತಿಗೇ ಮುಗಿಯುತ್ತದೆ; ಸ್ವರಲಿಪಿಯಲ್ಲಿ ಉಳಿಯುವುದು ಬರೀ ಪಲ್ಲವಿ. 1917ರಲ್ಲಿ ಮೊದಲ ಜಾಝ್ ರೆಕಾರ್ಡು ಬಂದಂದಿನಿಂದ ಈ ಸಂಗೀತದ ಚರಿತ್ರೆ ಬಹುಮಟ್ಟಿಗೆ ಮುದ್ರಿಕೆಗಳ ಚರಿತ್ರೆ. ಆ ಮುದ್ರಿಕೆಗಳನ್ನು ಹುಡುಕಿ, ಪಟ್ಟಿ ಮಾಡಿ, ಕೈಯಿಂದ ಕೈಗೆ ದಾಟಿಸಿದ ಕೆಲಸದಲ್ಲಿ ದೊಡ್ಡ ಪಾಲು ಕೇಳುಗರದು.

ನ್ಯೂಯಾರ್ಕಿನ 42ನೆಯ ಬೀದಿಯಲ್ಲಿ ಮಿಲ್ಟ್ ಗೇಬ್ಲರ್ ಅವರ ತಂದೆಗೆ ಒಂದು ರೇಡಿಯೊ ಅಂಗಡಿ ಇತ್ತು. ಮಗ ಅದನ್ನು ಮೆಲ್ಲಮೆಲ್ಲಗೆ ಜಾಝ್ ರೆಕಾರ್ಡಿನ ಅಂಗಡಿಯಾಗಿ ಮಾಡಿಬಿಟ್ಟರು. ಅದೇ ಕಮೊಡೋರ್. ಸಂಗೀತಗಾರರು, ಪತ್ರಕರ್ತರು, ಕಾಲೇಜು ಹುಡುಗರು ಅಲ್ಲಿ ಬಂದು ಗಂಟೆಗಟ್ಟಲೆ ಹರಟುತ್ತಿದ್ದರು. ದೊಡ್ಡ ಕಂಪನಿಗಳು ಅಚ್ಚು ನಿಲ್ಲಿಸಿದ್ದ ರೆಕಾರ್ಡುಗಳನ್ನು ಗೇಬ್ಲರ್ ಮತ್ತೆ ಒತ್ತಿಸಿ ತರಿಸುತ್ತಿದ್ದರು. 1930ರ ದಶಕದ ನಡುವೆ ರಸಿಕರ ಕೂಟಗಳನ್ನು ಸೇರಿಸಿ ಕಟ್ಟಿದ ಸಂಘದ ಹೆಸರಿನಲ್ಲಿ ಹೀಗೆ ಮರುಮುದ್ರಿಸುವಾಗ ಅವರು ಲೇಬಲ್ ಮೇಲೆ ತಂಡದ ನಾಯಕರ ಹೆಸರಿನ ಜೊತೆಗೆ ಕ್ಲಾರಿನೆಟ್ ಯಾರು, ಪಿಯಾನೊ ಯಾರು, ಡ್ರಮ್ಸ್ ಯಾರು ಎಂದು ಎಲ್ಲರ ಹೆಸರನ್ನೂ ಅಚ್ಚು ಮಾಡಿಸಿದರು. ಮಾಮೂಲಿ ಹತ್ತಿಂಚಿನ ಪ್ಲೇಟಿನಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಸಂಗೀತ. ಅದರಲ್ಲಿ ಹತ್ತೇ ಸೆಕೆಂಡು ಮಿಂಚಿ ಹೋದ ಕ್ಲಾರಿನೆಟ್ ವಾದಕರಿಗೂ ಹೀಗೆ ಒಂದು ಹೆಸರು ದಕ್ಕಿತು.

1938ರಲ್ಲಿ ಅಂಗಡಿಯ ಹೆಸರಿನಲ್ಲೇ ರೆಕಾರ್ಡು ಕಂಪನಿಯೂ ಹುಟ್ಟಿತು. ಮರುವರ್ಷ ಬಿಲ್ಲಿ ಹಾಲಿಡೇ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ಮುದ್ರಿಸಬೇಕೆಂದಿದ್ದರು. ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಕ್ರೌರ್ಯವೇ ಆ ಹಾಡಿನ ವಸ್ತು. ಹಾಲಿಡೇ ಅವರ ಕಂಪನಿ ಕೊಲಂಬಿಯಾ ಒಪ್ಪಲಿಲ್ಲ. ಅದನ್ನು ಮುದ್ರಿಸಿದ್ದು ಗೇಬ್ಲರ್ ಅವರ ಕಮೊಡೋರ್.

ಅತ್ತ ಪ್ಯಾರಿಸ್ಸಿನಲ್ಲಿ 1932ರಲ್ಲಿ ಹಾಟ್ ಕ್ಲಬ್ ಆಫ್ ಫ್ರಾನ್ಸ್ ಶುರುವಾಗಿತ್ತು. ಅದರ ಕಾರ್ಯಕರ್ತರಲ್ಲಿ ಚಾರ್ಲ್ಸ್ ದೆಲೊನೆ ಒಬ್ಬರು; ಚಿತ್ರಕಾರ ದಂಪತಿ ರಾಬರ್ಟ್ ಮತ್ತು ಸೋನಿಯಾ ದೆಲೊನೆ ಅವರ ಮಗ. ಯಾವ ರೆಕಾರ್ಡಿನಲ್ಲಿ ಯಾರು, ಯಾವ ದಿನ ನುಡಿಸಿದರು ಎಂಬುದನ್ನು ಹುಡುಕಿ ಜೋಡಿಸಿ 1936ರಲ್ಲಿ ‘ಹಾಟ್ ಡಿಸ್ಕೋಗ್ರಫಿ’ ಎಂಬ ಪುಸ್ತಕ ತಂದರು. ಜಾಝ್ ಮುದ್ರಿಕೆಗಳ ವಿದ್ವತ್ತಿಗೆ ಅಲ್ಲಿಂದಲೇ ಬುನಾದಿ ಬಿತ್ತು. ಈ ಸಂಗೀತ ಹುಟ್ಟಿದ ನಾಡಿನ ವಿಶ್ವವಿದ್ಯಾಲಯಗಳು ಅದರ ಕಡೆ ಕಣ್ಣೆತ್ತಿಯೂ ನೋಡದಿದ್ದ ಕಾಲದಲ್ಲಿ ಸಾಗರದಾಚೆಯ ಒಬ್ಬ ಯುವಕ ಮಾಡಿದ ಕೆಲಸ ಅದು.

ರೆಕಾರ್ಡು ಹಂಚಿಕೊಳ್ಳುವುದನ್ನು ಒಂದು ಸಂಸ್ಥೆಯಾಗಿಯೇ ಬೆಳೆಸಿದವರು ಜಪಾನಿನವರು. ಅಲ್ಲಿನ ‘ಜಾಝ್ ಕಿಸ್ಸಾ’ ಎಂದರೆ ರೆಕಾರ್ಡು ಕೇಳಲೆಂದೇ ಇರುವ ಕಾಫಿ ಅಂಗಡಿ. ಆಮದಾದ ಎಲ್‌ಪಿಯನ್ನು ಕೊಳ್ಳುವುದು ವಿದ್ಯಾರ್ಥಿಗಳ ಕೈಲಾಗದ ಮಾತಾಗಿದ್ದ ದಿನಗಳಲ್ಲಿ ಒಂದು ಕಪ್ ಕಾಫಿಯ ದುಡ್ಡಿಗೆ ಗಂಟೆಗಟ್ಟಲೆ ಕೂತು ಕೇಳಬಹುದಾಗಿತ್ತು. ಗಿರಾಕಿ ಚೀಟಿ ಬರೆದು ತನಗೆ ಬೇಕಾದ ರೆಕಾರ್ಡನ್ನು ಕೇಳುತ್ತಾನೆ. ಮಾಲೀಕರು ಸಾಮಾನ್ಯವಾಗಿ ಒಂದೇ ಬದಿ ಹಾಕುತ್ತಾರೆ, ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಇನ್ನೊಬ್ಬರ ಸರದಿ. ತಿರುಗುತ್ತಿರುವ ರೆಕಾರ್ಡಿನ ಕವರನ್ನು ಎಲ್ಲರಿಗೂ ಕಾಣುವ ಹಾಗೆ ಎದುರಿಗೆ ನಿಲ್ಲಿಸುತ್ತಾರೆ. ಅದನ್ನು ನೋಡಿ ಹೆಸರು ಬರೆದುಕೊಂಡು ಹೋಗುವವರು ಅದೆಷ್ಟೋ ಮಂದಿ. ಹಲವು ಅಂಗಡಿಗಳಲ್ಲಿ ಮಾತಾಡುವಂತಿರಲಿಲ್ಲ. ಒಬ್ಬನ ಆಯ್ಕೆಯನ್ನು ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು, ಪೂರ್ತಿ ಕೇಳಲೇಬೇಕು.

ಈ ಅಂಗಡಿಗಳಲ್ಲಿ ತುಂಬ ತಿರುಗಿದ ರೆಕಾರ್ಡುಗಳಲ್ಲಿ ಬಿಲ್ ಎವಾನ್ಸ್ ಅವರ ‘ವಾಲ್ಟ್ಝ್ ಫಾರ್ ಡೆಬಿ’ ಒಂದು. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 1961ರ ಜೂನ್ 25ರ ಭಾನುವಾರ ಮುದ್ರಿಸಿದ್ದು. ಬೇಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ಹೋದರು. ಆಗ ಅವರಿಗೆ ಇಪ್ಪತ್ತೈದು. ರೆಕಾರ್ಡನ್ನು ಗಮನಕೊಟ್ಟು ಕೇಳಿದರೆ ಪಿಯಾನೊದ ಹಿಂದೆ ಗ್ಲಾಸುಗಳ ಟಿಂಗ್ ಸದ್ದಿದೆ, ಕ್ಲಬ್ಬಿಗೆ ಬಂದವರ ಗುಸುಗುಸು ಇದೆ, ಯಾರದೋ ನಗು ಇದೆ. ಎವಾನ್ಸ್ ನುಡಿಸುತ್ತಿದ್ದಾಗ ಅಂದಿನ ಶ್ರೋತೃಗಳಲ್ಲಿ ಹಲವರು ತಮ್ಮ ಪಾಡಿಗೆ ಹರಟುತ್ತಿದ್ದರು. ಟೋಕಿಯೊದ ಯಾವುದೋ ನೆಲಮಾಳಿಗೆಯಲ್ಲಿ ಉಸಿರು ಬಿಗಿಹಿಡಿದು ಕೂತ ವಿದ್ಯಾರ್ಥಿಗಳು ಆ ಹರಟೆಯನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿದರು.

ಯೊಕೊಹಾಮಾ ಊರಿನ ‘ಚಿಗುಸಾ’ 1933ರಲ್ಲಿ ಮಾಮೊರು ಯೊಶಿದಾ ಅವರು ತೆರೆದ ಅಂಗಡಿ. ಯುದ್ಧದ ಕಾಲಕ್ಕೆ ಜಾಝ್ ಶತ್ರು ದೇಶದ ಸಂಗೀತವಾಯಿತು. 1943ರ ಜನವರಿಯಲ್ಲಿ ಸರ್ಕಾರ ಸುಮಾರು ಸಾವಿರ ಅಮೆರಿಕನ್ ಮತ್ತು ಇಂಗ್ಲಿಷ್ ಹಾಡುಗಳನ್ನು ನಿಷೇಧಿಸಿ ಪಟ್ಟಿ ಹೊರಡಿಸಿತು. 1945ರ ಬಾಂಬ್ ದಾಳಿಯಲ್ಲಿ ಅಂಗಡಿಯೂ ರೆಕಾರ್ಡುಗಳೂ ಸುಟ್ಟುಹೋದವು. ಯುದ್ಧ ಮುಗಿದ ಮೇಲೆ ಗೆಳೆಯರೂ ಹಳೆಯ ಗಿರಾಕಿಗಳೂ ರೆಕಾರ್ಡು ತಂದುಕೊಟ್ಟು ಯೊಶಿದಾ ಅವರನ್ನು ಮತ್ತೆ ಕೌಂಟರಿನ ಹಿಂದೆ ಕೂರಿಸಿದರು. ಅಲ್ಲಿಗೆ ಬಂದು ಕೂತು, ಕೇಳಿದ್ದನ್ನು ಕಿವಿಯಿಂದಲೇ ಬರೆದುಕೊಂಡು ಕಲಿತವರಲ್ಲಿ ತೊಶಿಕೊ ಅಕಿಯೊಶಿ ಎಂಬ ಪಿಯಾನೊ ವಾದಕಿ ಒಬ್ಬರು. 1956ರಲ್ಲಿ ಅವರು ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಗೆ ಹೋದರು. ಮುಂದೆ ತಮ್ಮದೇ ದೊಡ್ಡ ವಾದ್ಯವೃಂದ ಕಟ್ಟಿ ಜಗತ್ತಿಗೆ ಪರಿಚಿತರಾದರು. ಕಾದಂಬರಿಕಾರ ಹಾರುಕಿ ಮುರಕಾಮಿ ಕೂಡ ಬರವಣಿಗೆಗೆ ಬರುವ ಮೊದಲು, 1974ರಿಂದ, ಟೋಕಿಯೊದಲ್ಲಿ ‘ಪೀಟರ್ ಕ್ಯಾಟ್’ ಎಂಬ ಜಾಝ್ ಅಂಗಡಿ ನಡೆಸುತ್ತಿದ್ದರು. ಮೊದಲ ಕಾದಂಬರಿ ಬರೆದದ್ದು ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ.

ಅಕಿಯೊಶಿ ಅವರ ಹೆಸರಿನಿಂದ ಬೆಂಗಳೂರಿಗೆ ಒಂದು ದಾರಿ ಇದೆ. ಅವರು ಅಮೆರಿಕದಲ್ಲಿ ಮದುವೆಯಾದದ್ದು ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರನ್ನು. ಆ ದಾಂಪತ್ಯ 1960ರ ದಶಕದಲ್ಲೇ ಮುಗಿಯಿತು. ಮರಿಯಾನೊ ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕೇಳಿ ಮರುಳಾದರು, ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತರು. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆಗೂಡಿ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ಎಂಬ ಎಲ್‌ಪಿ ಮುದ್ರಿಸಿದರು. ಆರ್.ಎ. ರಮಾಮಣಿ ಅವರ ಹಾಡಿಕೆ ಅದರ ಜೀವ. ಅದರಲ್ಲಿ ‘ವಂದನಂ’, ‘ಸಪ್ತರ್ಷಿ’ ಎಂಬ ಹೆಸರಿನ ರಚನೆಗಳಿವೆ. ಮೃದಂಗ, ಘಟ, ಖಂಜಿರ, ಕೊನ್ನಕೋಲುಗಳ ನಡುವೆ ಮರಿಯಾನೊ ಅವರ ಸ್ಯಾಕ್ಸೊಫೋನ್ ಎಲ್ಲೂ ಅತಿಥಿಯ ಹಾಗೆ ಹಿಂಜರಿಯುವುದಿಲ್ಲ, ಯಜಮಾನನ ಹಾಗೆ ಮುನ್ನುಗ್ಗುವುದೂ ಇಲ್ಲ. ಯುರೋಪಿನ ಜಾಝ್ ಸಂಗ್ರಾಹಕರು ಇಂದಿಗೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಈ ರೆಕಾರ್ಡನ್ನು ಬೆಂಗಳೂರಿನಲ್ಲಿ ಕೇಳಿದವರು ಕಡಿಮೆ.

ಇನ್ನೊಂದು ಉದಾಹರಣೆಯಲ್ಲಿ ರೆಕಾರ್ಡು ಕೊಟ್ಟದ್ದು ತಮಾಷೆಗೆ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ ಜಾಝ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದ ಹುಡುಗ. ಅಣ್ಣ ಒಂದು ದಿನ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಆಲ್ಬಮ್ ತಂದು ಕೈಗಿತ್ತರು. ಹೆಸರು ನೋಡಿ ನಗಬೇಕಾಗಿತ್ತು. ಕೇಳಿದ ಮೇಲೆ ನಗು ನಿಂತಿತು. ನುಡಿಸಿದವರು ಬಂಟ್ವಾಳದ ಸಜೀಪಮೂಡದಲ್ಲಿ ಹುಟ್ಟಿದ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಬೆನ್ನು ಹತ್ತಿದ ಕದ್ರಿ ಗೋಪಾಲನಾಥ್. ತಾನು ಹಿಡಿದ ವಾದ್ಯದಲ್ಲೇ ಗಮಕ ಹೀಗೆ ಜಾರುವುದನ್ನು ಕೇಳಿದ ಹುಡುಗ ಅದನ್ನು ಮರೆಯಲಿಲ್ಲ. 2008ರಲ್ಲಿ ಇಬ್ಬರೂ ಜೊತೆಯಾಗಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂತು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ ಇದ್ದರು.

ಇಂದು ರೆಕಾರ್ಡಿಗಾಗಿ ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಮೊಬೈಲಿನಲ್ಲಿ ಎಲ್ಲವೂ ಇದೆ. ಒಂದು ಮುಗಿಯುತ್ತಿದ್ದಂತೆ ಮುಂದಿನದನ್ನು ಅದೇ ಹಾಕುತ್ತದೆ. ಅನುಕೂಲವನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ನಿಕೋಲ್ಸ್ ಅವರ ರಚನೆಗಳನ್ನು ಶಿರಸಿಯಲ್ಲಿ ಕೂತು ಕೇಳುವುದು ಹಿಂದೆ ಕನಸಿನ ಮಾತು. ಆದರೆ ಯಂತ್ರ ಹಾಕುವುದು ಈಗಾಗಲೇ ಕೇಳಿದ್ದಕ್ಕೆ ಹತ್ತಿರವಾದದ್ದನ್ನು. ಅಣ್ಣನ ಹಾಗೆ ಅದು ತಮಾಷೆ ಮಾಡುವುದಿಲ್ಲ. ಬೇಸ್ ನುಡಿಸಿದವರು ಯಾರು ಎಂಬುದೂ ಬಹಳ ಸಲ ಪರದೆಯ ಮೇಲೆ ಕಾಣುವುದಿಲ್ಲ. ‘ಕೈಂಡ್ ಆಫ್ ಬ್ಲೂ’ ಕೂಡ ತಿದ್ದುಪಡಿ ಕಂಡದ್ದು ಇಂಥ ವಿವರಗಳ ಬೆನ್ನು ಹತ್ತಿದವರಿಂದ. 1959ರ ಮಾರ್ಚಿನಲ್ಲಿ ಮುದ್ರಿಸುವಾಗ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ಹಾಗಾಗಿ ಮೊದಲ ಬದಿಯ ಮೂರೂ ರಚನೆಗಳು ರೆಕಾರ್ಡಿನಲ್ಲಿ ತುಸು ವೇಗವಾಗಿ, ಶ್ರುತಿ ಏರಿ ಕೇಳಿಸುತ್ತಿದ್ದವು. ಪಕ್ಕದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. ಅದನ್ನು ಬಳಸಿ ಸರಿಪಡಿಸಿದ ಮರುಮುದ್ರಣ ಬಂದದ್ದು 1992ರಲ್ಲಿ, ಮೂವತ್ತಮೂರು ವರ್ಷಗಳ ಮೇಲೆ.

ಕನ್ನಡದ ಕೇಳುಗರಿಗೂ ಇಲ್ಲಿ ಕೆಲಸವಿದೆ. ನಮ್ಮ ರಂಗಗೀತೆಗಳ ಎಷ್ಟೋ ಗ್ರಾಮಫೋನ್ ಪ್ಲೇಟುಗಳ ಮೇಲೆ, ಭಾವಗೀತೆಗಳ ಎಷ್ಟೋ ಕ್ಯಾಸೆಟ್ ಕವರುಗಳ ಮೇಲೆ ಹಾಡಿದವರ ಹೆಸರಿದೆ. ಹಾರ್ಮೋನಿಯಂ, ತಬಲಾ, ಕೊಳಲು ನುಡಿಸಿದವರ ಹೆಸರಿಲ್ಲ. ಗೇಬ್ಲರ್, ದೆಲೊನೆ ಮಾಡಿದ ಕೆಲಸವನ್ನು ಇಲ್ಲಿ ಮಾಡಬೇಕಾದವರು ಪ್ಲೇಟು, ಕ್ಯಾಸೆಟ್ಟುಗಳನ್ನು ಮನೆಯಲ್ಲಿ ಇನ್ನೂ ಕಾಪಾಡಿಕೊಂಡಿರುವ ಓದುಗರೇ. ಮುಂದಿನ ಸಂಚಿಕೆಯಿಂದ ಪತ್ರಿಕೆ ಎರಡು ಪುಟಗಳನ್ನು ಇದಕ್ಕೆಂದು ತೆಗೆದಿರಿಸಿದೆ. ಸದ್ಯ ಮೆಚ್ಚಿ ಕೇಳುತ್ತಿರುವ ಯಾವುದೇ ಒಂದು ರೆಕಾರ್ಡಿನ ಬಗ್ಗೆ ಬರೆಯಿರಿ; ಜಾಝ್ ಆಗಲಿ, ವಚನವಾಗಲಿ, ಕಂಪನಿ ನಾಟಕದ ಹಾಡಾಗಲಿ. ಅದು ನಿಮ್ಮ ಕೈಗೆ ಯಾರಿಂದ ಬಂತೆಂದು ತಿಳಿಸಿ. ಲೇಬಲ್ ಮೇಲೆ ಅಚ್ಚಾಗಿರುವುದನ್ನು ಇದ್ದ ಹಾಗೇ ನಕಲು ಮಾಡಿ ಕಳುಹಿಸಿ. ಪಕ್ಕವಾದ್ಯದವರು ಯಾರೆಂದು ಗೊತ್ತಿದ್ದರೆ ಆ ಹೆಸರುಗಳನ್ನು ಮರೆಯದೆ ಬರೆಯಿರಿ.