ನಿರ್ಬಲ ಮಕ್ಕಳ ಜ್ವರವೂ ಚಿತ್ರಪರೀಕ್ಷೆಯೂ

ರಕ್ತದ ಕ್ಯಾನ್ಸರು ಪ್ರಾಣಾಂತಕವಾದ ರೋಗವೆಂಬುದು ಸರ್ವವಿದಿತವಾಗಿದೆ. ಆದರೆ ಆ ರೋಗಕ್ಕೆ ಮದ್ದು ಫಲಿಸುತ್ತಿರುವಾಗಲೇ ಎಷ್ಟೋ ಮಕ್ಕಳು ಬೇರೊಂದು ಸೋಂಕಿಗೆ ತುತ್ತಾಗುವರೆಂಬುದು ಬಹುಜನರಿಗೆ ತಿಳಿಯದು. ಕ್ಯಾನ್ಸರಿನ ಕಣಗಳನ್ನು ಕೊಲ್ಲುವ ಔಷಧವು ಸೋಂಕಿನೊಡನೆ ಹೋರಾಡುವ ಬಿಳಿಯ ರಕ್ತಕಣಗಳನ್ನೂ ಕ್ಷೀಣಗೊಳಿಸುತ್ತದೆ. ಅವುಗಳಲ್ಲಿ ಮುಖ್ಯವಾದ ನ್ಯೂಟ್ರೋಫಿಲ್ ಕಣಗಳು ಒಂದು ಘನ ಮಿಲಿಮೀಟರು ರಕ್ತದಲ್ಲಿ 500ಕ್ಕಿಂತ ಕಡಮೆಯಾದರೆ ಮಗುವು ಕಾವಲಿಲ್ಲದ ಕೋಟೆಯಂತಾಗುವುದು. ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಈ ಕೊರತೆಯು ಸಾಮಾನ್ಯವಾಗಿ ಕೆಲವು ವಾರಗಳದು; ಅಸ್ಥಿಮಜ್ಜೆಯೇ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾದಲ್ಲಿಯಾದರೋ ತಿಂಗಳುಗಟ್ಟಲೆ ನಿಲ್ಲಬಹುದು.

ಇಂತಹ ಮಗುವಿನಲ್ಲಿ ಜ್ವರವೊಂದನ್ನುಳಿದು ಬೇರೆ ಯಾವ ಲಕ್ಷಣವೂ ತೋರದಿರಬಹುದು. ಕೀವುಗಟ್ಟಲು ಬಿಳಿಯ ಕಣಗಳೇ ಬೇಕಷ್ಟೆ! ಆದುದರಿಂದಲೇ ಬೂಷ್ಟಿನ ಜಾತಿಯ ಶಿಲೀಂಧ್ರವು ಶ್ವಾಸಕೋಶವನ್ನು ಹೊಕ್ಕಿದ್ದರೂ ಎದೆಯ ಎಕ್ಸ್‌ರೇ ಚಿತ್ರವು ನಿರ್ದೋಷವಾಗಿ ಕಾಣುವುದುಂಟು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದ ಸಿ.ಟಿ. ಯಂತ್ರವು ದೇಹವನ್ನು ಪದರಪದರವಾಗಿ ತೋರಿಸುವುದರಿಂದ, ಎಕ್ಸ್‌ರೇಗೆ ಸಿಕ್ಕದ ಸಣ್ಣ ಗಂಟುಗಳೂ ಅದರಲ್ಲಿ ಸಿಕ್ಕುವುವು.

ಹಾಗೆಂದು ಜ್ವರ ಬಂದ ಮಕ್ಕಳನ್ನೆಲ್ಲ ಯಂತ್ರಕ್ಕೊಪ್ಪಿಸಬೇಕೆಂಬುದು ನಮ್ಮ ವಾದವಲ್ಲ. ಸಿ.ಟಿ.ಯ ವಿಕಿರಣವು ಎಳೆಯ ದೇಹಕ್ಕೆ ಹಿತವಲ್ಲ. ಆ್ಯಂಟಿಬಯೋಟಿಕ್ ಮದ್ದನ್ನು ಚಿತ್ರಕ್ಕಾಗಿ ಕಾಯದೆ ಕೂಡಲೇ ಆರಂಭಿಸಬೇಕು. ಮದ್ದಿಗೆ ಜಗ್ಗದೆ ಜ್ವರವು 96 ಗಂಟೆಗಳಾದರೂ ಇಳಿಯದಿದ್ದರೆ, ಶಿಲೀಂಧ್ರದ ಭಯವು ಹೆಚ್ಚಾಗಿರುವ ಮಕ್ಕಳಿಗೆ ಎದೆಯ ಸಿ.ಟಿ. ಮಾಡಿಸಬೇಕೆಂಬುದು ತಜ್ಞರ ಮತವು. ಹೊಟ್ಟೆಯ ಪರೀಕ್ಷೆಗೆ ವಿಕಿರಣವಿಲ್ಲದ ಅಲ್ಟ್ರಾಸೌಂಡೂ, ಮಿದುಳಿನ ಪರೀಕ್ಷೆಗೆ ಎಂ.ಆರ್.ಐ.ಯೂ ಇವೆ.

ಚಿತ್ರವನ್ನು ತೆಗೆಯುವುದಕ್ಕಿಂತ ಓದುವುದು ಕಠಿಣ. ಚಿತ್ರವು ಸೋಂಕಿನ ತಾಣವನ್ನು ತೋರಿಸೀತು, ಹೆಸರನ್ನು ಹೇಳಲಾರದು. ನಮ್ಮ ದೇಶದಲ್ಲಂತೂ ಕ್ಷಯವನ್ನು ಮರೆಯುವಂತಿಲ್ಲ. ದೊಡ್ಡವರಲ್ಲಿ ಗಂಟಿನ ಸುತ್ತ ಕಾಣುವ ಪರಿವೇಷವು ಮಕ್ಕಳಲ್ಲಿ ಅನೇಕವೇಳೆ ಕಾಣದು. ಬಿಳಿಯ ಕಣಗಳು ಮರಳುವಾಗ ಗಂಟು ಕೆಲವು ದಿನ ಹಿಗ್ಗಿದಂತೆ ತೋರಿದರೂ ಮಗು ಚೇತರಿಸಿಕೊಳ್ಳುತ್ತಿರಬಹುದು! ಅನುಭವವಿಲ್ಲದವನು ಅದನ್ನು ಕಂಡು ಮದ್ದು ಸೋತಿತೆಂದು ಬಗೆದಾನು.

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಲ್ಲಿ ಆರಂಭವಾಯಿತು. ಆದರೆ ಬೀದರಿನ ತಾಯಿತಂದೆಗಳಿಗೆ ಬೆಂಗಳೂರು ಸುಮಾರು 700 ಕಿಲೋಮೀಟರು ದೂರ. ಜ್ವರವು ಪ್ರಯಾಣ ಮುಗಿಯುವವರೆಗೆ ಕಾಯುವುದಿಲ್ಲ. ಯಂತ್ರಗಳನ್ನು ಕೊಂಡು ಉದ್ಘಾಟಿಸಿದ ಮಾತ್ರಕ್ಕೆ ಸರಕಾರದ ಹೊಣೆ ತೀರದು. ಚಿತ್ರವು ಬೇಕಾದ ದಿನವೇ ಜಿಲ್ಲೆಯಲ್ಲಿ ದೊರೆಯಬೇಕು. ಅದು ತಂತಿಯ ಮೂಲಕ ಅಂದೇ ಬಲ್ಲ ವೈದ್ಯರ ಕಣ್ಣಿಗೆ ಬೀಳಬೇಕು. ಬಡವನ ಮಗುವಿಗೆ ಹಣದ ಮಾತು ಅಡ್ಡಬರಬಾರದು. ಕ್ಯಾನ್ಸರನ್ನು ಗೆಲ್ಲುತ್ತಿರುವ ಮಗುವು ನಮ್ಮ ಆಲಸ್ಯದಿಂದ ಬೂಷ್ಟಿಗೆ ಬಲಿಯಾಗುವುದು ವಿಧಿಯ ಆಟವೆನಿಸದು. ಅದು ನಮ್ಮ ಕರ್ತವ್ಯಚ್ಯುತಿಯೇ ಸರಿ.