ಜಮಖಂಡಿಯ ವಿವಿ ಉಳಿದರೆ ಸಂಶೋಧನೆಯ ಅರ್ಜಿಗೂ ಒಂದು ವಿಳಾಸ

ಪಿಎಚ್‌ಡಿ ಮಾಡುವ ಅಲ್ಪಸಂಖ್ಯಾತ ಮಕ್ಕಳಿಗೆ ಸಿಗುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಇನ್ನಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಆಗಿನ ಸಚಿವೆ ಸ್ಮೃತಿ ಇರಾನಿ ಲೋಕಸಭೆಗೆ ತಿಳಿಸಿದಾಗ ನಮ್ಮಲ್ಲಿ ಒಂದು ವಾರ ಸಿಟ್ಟು ಹರಿದಾಡಿತು. ವಾಟ್ಸಾಪ್‌ನಲ್ಲಿ ಬರೆದದ್ದೇ ಬರೆದದ್ದು. ಆಮೇಲೆ ಮರೆತೆವು. ಮರೆಯಲು ಕಾರಣವೂ ಇದೆ. ನಮ್ಮ ಮೊಹಲ್ಲಾಗಳಲ್ಲಿ ಪಿಎಚ್‌ಡಿ ಮಾಡುವವರು ಎಷ್ಟು ಮಂದಿ? ಒಂದು ಊರಲ್ಲಿ ಒಬ್ಬ, ಇಬ್ಬರು. ಅವರ ಕಷ್ಟ ಅವರಿಗೆ ಅಂತ ಬಿಟ್ಟೆವು.

ಆ ಫೆಲೋಶಿಪ್ ಸುಮ್ಮನೆ ಬಂದದ್ದಲ್ಲ. 2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಬಂತು. ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಂ ಎಂದು ಅದರಲ್ಲಿತ್ತು. ಅದರ ನಂತರ 2009ರಲ್ಲಿ ಈ ಫೆಲೋಶಿಪ್ ಶುರುವಾಯಿತು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾದರು, 738.85 ಕೋಟಿ ರೂಪಾಯಿ ಹಂಚಿಕೆಯಾಯಿತು ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ, ಪಾರ್ಸಿ ಎಲ್ಲರೂ ಸೇರಿದ ಲೆಕ್ಕ ಇದು. ಬೇರೆ ಯೋಜನೆಗಳಲ್ಲೂ ಇದೇ ಸವಲತ್ತು ಸಿಗುತ್ತದೆ, ಒಂದರ ಮೇಲೊಂದು ಬೀಳುತ್ತದೆ ಎಂಬುದು ನಿಲ್ಲಿಸಿದ್ದಕ್ಕೆ ಕೊಟ್ಟ ಕಾರಣ.

ಹಾಗಾದರೆ ಆ ಬೇರೆ ಯೋಜನೆಗಳ ಬಾಗಿಲಿಗೆ ನಮ್ಮ ಮಕ್ಕಳು ಮುಟ್ಟುತ್ತಾರಾ? ಇದನ್ನು ದಿಲ್ಲಿಯಲ್ಲಿ ಕೂತು ನೋಡಬಾರದು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲೂಕುಗಳಲ್ಲಿ ನಿಂತು ನೋಡಬೇಕು. ಕರಾವಳಿಯ ಬ್ಯಾರಿ ಮನೆಗಳಿಗೆ ಅದು ದೂರದ ಊರು ಅನ್ನಿಸಬಹುದು. ಆದರೆ ಅಲ್ಲಿ ಈಗ ನಡೆಯುತ್ತಿರುವುದು ನಾಳೆ ನಮಗೂ ಬರುವಂಥದ್ದು. ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ.

ಈ ನಾಲ್ಕು ತಾಲೂಕುಗಳು ಕಬ್ಬು ಮತ್ತು ಮಗ್ಗದ ಸೀಮೆ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆ. ರಬಕವಿ, ಬನಹಟ್ಟಿಯಲ್ಲಿ ಬೀದಿಗೆ ಕಾಲಿಟ್ಟರೆ ಮಗ್ಗದ ಸದ್ದು. ಬೀಳಗಿಯ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಜನ ಪುನರ್ವಸತಿ ಊರುಗಳಿಗೆ ಹೋದರು. ಇಲ್ಲಿಯ ಮುಸ್ಲಿಮರು ಹೆಚ್ಚಾಗಿ ಮಗ್ಗ, ಗ್ಯಾರೇಜು, ಸಣ್ಣ ವ್ಯಾಪಾರ, ಕೂಲಿ ಮಾಡಿ ಬದುಕುವವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ನಮ್ಮ ಕಡೆಯ ಹಾಗೆ ಗಲ್ಫ್ ದುಡ್ಡಿನಿಂದ ಕಟ್ಟಿದ ಶಾಲೆ ಕಾಲೇಜುಗಳ ಸಾಲು ಅಲ್ಲಿಲ್ಲ.

ಇಂಥ ಜಾಗದಲ್ಲಿ ಜಮಖಂಡಿಯಲ್ಲೇ ಒಂದು ವಿಶ್ವವಿದ್ಯಾಲಯ ಬಂತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಮೊದಲೇ ಇತ್ತು. 2022ರ ಕಾಯ್ದೆ ತಿದ್ದುಪಡಿಯಲ್ಲಿ ರಾಜ್ಯಕ್ಕೆ ಏಳು ಹೊಸ ವಿವಿಗಳಾದವು, ಅದರಲ್ಲಿ ಬಾಗಲಕೋಟೆ ವಿವಿ ಒಂದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಬನಹಟ್ಟಿಯ ಹುಡುಗಿಗೆ ಎಂಎ ಮಾಡಲು ಬೆಳಗಾವಿಗೆ ಹೋಗಬೇಕೆಂದರೆ ನೂರು ಕಿಲೋಮೀಟರ್‌ಗಿಂತ ಹೆಚ್ಚು ದೂರ, ಹಾಸ್ಟೆಲ್ ಬೇಕು, ಮನೆಯವರ ಒಪ್ಪಿಗೆ ಬೇಕು. ಜಮಖಂಡಿ ಅಂದರೆ ಬೆಳಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಬರುವ ದೂರ. ಈ ವ್ಯತ್ಯಾಸ ಹೆಣ್ಣುಮಕ್ಕಳ ಮನೆಯವರಿಗೆ ವಿವರಿಸಿ ಹೇಳಬೇಕಿಲ್ಲ. (ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿಗೆ ಕಳಿಸುವವರೂ ಇದ್ದಾರೆ. ಆದರೆ ಅದೂ ದಿನಾ ಹೋಗಿ ಬರುವ ದೂರವಲ್ಲ.)

ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚಿ ಹಳೆಯ ವಿವಿಗಳಿಗೆ ಸೇರಿಸುವ ಮಾತು ಆಡಿತು. ಪಟ್ಟಿಯಲ್ಲಿ ಬಾಗಲಕೋಟೆ ಇತ್ತು. ಮಂಗಳೂರು ವಿವಿಯಿಂದ ಬೇರ್ಪಟ್ಟ ಕೊಡಗು ವಿವಿಯೂ ಇತ್ತು. ಕರಾವಳಿಯವರಿಗೂ ಬರುವಂಥದ್ದು ಅಂತ ಮೇಲೆ ಹೇಳಿದ್ದು ಇದಕ್ಕೇ. ದುಡ್ಡಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಹಿಂದಿನ ಸರ್ಕಾರ ಬೋರ್ಡು ಹಾಕಿತು, ಹುದ್ದೆ ಕೊಡಲಿಲ್ಲ. ಈಗಿನ ಸರ್ಕಾರ ಹುದ್ದೆ ಇಲ್ಲವೆಂದು ಬೋರ್ಡು ತೆಗೆಯಲು ಹೊರಟಿತು. ಇಬ್ಬರಲ್ಲಿ ಯಾರು ಹೆಚ್ಚು ತಪ್ಪು ಎಂಬ ಜಗಳ ಪಕ್ಷಗಳಿಗೆ ಇರಲಿ. ಇದಕ್ಕೂ ಸಂಶೋಧನೆಯ ಹಣಕ್ಕೂ ಏನು ಸಂಬಂಧ ಎಂಬುದು ನಮ್ಮ ಪ್ರಶ್ನೆ.

ಸಂಬಂಧ ಇದೆ, ನೇರವಾಗಿಯೇ ಇದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ಕಾಯಂ ಅಧ್ಯಾಪಕರು ಮಾತ್ರ ಮಾರ್ಗದರ್ಶಕರಾಗಬಹುದು. ಪ್ರೊಫೆಸರ್ ಆದರೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ವಿದ್ಯಾರ್ಥಿಗಳಿಗೆ. ಅಂದರೆ ಒಂದು ವಿಭಾಗದಲ್ಲಿ ಕಾಯಂ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರೇ ಇದ್ದರೆ ಅಲ್ಲಿ ಸಂಶೋಧನೆ ಮಾಡಬಹುದಾದವರು ನಾಲ್ಕೇ ಜನ. ಉಳಿದದ್ದೆಲ್ಲ ಅತಿಥಿ ಉಪನ್ಯಾಸಕರಾದರೆ ಪಾಠ ನಡೆಯುತ್ತದೆ, ಸಂಶೋಧನೆ ನಡೆಯುವುದಿಲ್ಲ. ಸಂಶೋಧನಾ ಯೋಜನೆಗೆ ಹಣ ಕೇಳುವಾಗಲೂ ಅಷ್ಟೇ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಂಥ ಕಡೆ ಅರ್ಜಿ ಹೋಗಬೇಕಾದರೆ ಅದರ ಹಿಂದೆ ಒಂದು ಮಾನ್ಯ ಸಂಸ್ಥೆ ಇರಬೇಕು, ಆ ಸಂಸ್ಥೆ ಹಣದ ಲೆಕ್ಕಕ್ಕೆ ಹೊಣೆ ಹೊರಬೇಕು. ಯುಜಿಸಿಯ ಅನುದಾನಕ್ಕಾದರೆ 12ಬಿ ಮಾನ್ಯತೆ ಬೇಕು. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ವಿವಿಯ ಲೆಟರ್‌ಹೆಡ್ ನಂಬಿ ಮೂರು ವರ್ಷದ ಯೋಜನೆಗೆ ಯಾರು ದುಡ್ಡು ಕೊಡುತ್ತಾರೆ ಹೇಳಿ?

ಆದ್ದರಿಂದ ಫೆಲೋಶಿಪ್ ವಾಪಸು ಕೊಡಿ ಎಂದು ಕೇಳುವ ನಮ್ಮ ಮನವಿಗಳಲ್ಲಿ ಇನ್ನೊಂದು ಸಾಲೂ ಸೇರಬೇಕು ಎಂಬುದು ನಮ್ಮ ಅಭಿಪ್ರಾಯ. ಜಮಖಂಡಿಯ ವಿವಿ ಉಳಿಯಲಿ, ಅದಕ್ಕೆ ಕಾಯಂ ಹುದ್ದೆ ಬರಲಿ. ಫೆಲೋಶಿಪ್ ನಾಳೆ ಬಂದರೂ, ಮಾರ್ಗದರ್ಶಕರೇ ಇಲ್ಲದ ಕಡೆ ಅದನ್ನು ಪಡೆಯುವವರು ಯಾರು? ಬೆಂಗಳೂರು, ಧಾರವಾಡದಲ್ಲಿ ಕೋಣೆ ಬಾಡಿಗೆ ಕೊಡಬಲ್ಲ ಮನೆಯವರ ಮಕ್ಕಳು ಮಾತ್ರ. ವಿವಿ ಉಳಿಸಿ ಎಂಬ ಹೋರಾಟದಲ್ಲಿ ಲಿಂಗಾಯತರು, ದಲಿತರು, ಕುರುಬರು, ನೇಕಾರ ಸಮಾಜದವರು ಎಲ್ಲರ ಮಕ್ಕಳ ಪಾಲೂ ಇದೆ. ನಮ್ಮ ಜಮಾಅತ್‌ಗಳು ಅದರಲ್ಲಿ ಹಿಂದೆ ನಿಲ್ಲಬಾರದು.

ಈಗ ಅರ್ಜಿಯ ವಿಷಯ. ಬನಹಟ್ಟಿಯ ಮಗ್ಗದ ಮನೆಯ ತಂದೆಯೊಬ್ಬರು ನಮ್ಮನ್ನು ಕೇಳಿದ್ದುಂಟು, "ಪಿಎಚ್‌ಡಿ ಮಾಡಿದ್ರ ಏನ್ ಸಿಗ್ತದ್ರೀ ಮೌಲಾನಾ? ಐದು ವರ್ಷ ಯಾರ್ ಉಣ್ಣಾಕ ಹಾಕೋರು?" ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಹಣದಲ್ಲೇ ಕೊಡಬೇಕು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಯಾವ ಧರ್ಮದವರಾದರೂ ಗೆದ್ದವರಿಗೆ ಸಿಗುವ ಹಣ ಇದು. ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ. ಮದುವೆಯಾಗಿ, ಮಕ್ಕಳಾಗಿ ಓದು ಬಿಟ್ಟ ಎಂಎ ಹುಡುಗಿಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ 35ರವರೆಗೆ ಬಾಗಿಲು ತೆರೆದಿದೆ ಎಂದು ಹೇಳುವವರಿಲ್ಲ. ನೆಟ್‌ನಲ್ಲಿ ಉರ್ದು, ಅರಬಿ ಇದೆ. ಅರಬ್ ಸಂಸ್ಕೃತಿ ಮತ್ತು ಇಸ್ಲಾಮಿಕ್ ಅಧ್ಯಯನ ಎಂಬ ವಿಷಯವೂ ಇದೆ. ದರ್ಸ್ ಓದಿ ಜೊತೆಗೆ ಪದವಿ, ಎಂಎ ಮಾಡಿದ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಪಿಎಚ್‌ಡಿ ಫೆಲೋಶಿಪ್ ಬೇರೆ. ತಿಂಗಳಿಗೆ 25,000 ಇದ್ದದ್ದನ್ನು ಮಧ್ಯೆ ಕಡಿತ ಮಾಡಿದರು, ಸಂಶೋಧಕರು ಪ್ರತಿಭಟನೆಗಿಳಿದರು, ಸರ್ಕಾರ ಬದಲಾದ ಮೇಲೆ ಹಳೆಯ ಮೊತ್ತದ ಮಾತು ಮತ್ತೆ ಬಂತು. ಇಂಥ ಏರಿಳಿತ ಇರುವಾಗ ಇದೊಂದನ್ನೇ ನಂಬಿ ಕೂರಬೇಡಿ. ಕೇಂದ್ರದಲ್ಲಿ ಒಬಿಸಿ ಫೆಲೋಶಿಪ್ ಇದೆಯಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ರಾಜ್ಯದ 2ಬಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. 2ಬಿ ಪ್ರಮಾಣಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ನಮ್ಮ ಹೆಸರಿದೆ ಅಂತಲ್ಲ. ನದಾಫ, ಪಿಂಜಾರರಂಥವರು ಪ್ರವರ್ಗ 1ರಲ್ಲಿದ್ದಾರೆ. ತಮ್ಮದು ಯಾವುದು ಎಂದು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಬೇಕು. ಯೋಜನೆಗಳು ಒಂದರ ಮೇಲೊಂದು ಬೀಳುತ್ತವೆ ಎನ್ನುವ ಸರ್ಕಾರದ ಮಾತು ಇಲ್ಲೇ ಸಡಿಲವಾಗುವುದು. ಕೆಲವರಿಗೆ ಎರಡು ಬಾಗಿಲಿದ್ದವು ನಿಜ, ಕೆಲವರಿಗೆ ಇದ್ದದ್ದೇ ಒಂದು.

ಇದೆಲ್ಲ ಒಬ್ಬೊಬ್ಬ ವಿದ್ಯಾರ್ಥಿಯ ಅರ್ಜಿ. ಇದಕ್ಕಿಂತ ದೊಡ್ಡದು ವಿವಿಯಲ್ಲಿ ಸಮಾನತೆಯೇ ವಿಷಯವಾದ ಸಂಶೋಧನೆಗೆ ಹಣ ಕೇಳುವುದು. ಸಾಚಾರ್ ಸಮಿತಿ ಹೇಳಿದ ಇನ್ನೊಂದು ಮಾತು ನಮ್ಮಲ್ಲಿ ಚರ್ಚೆಗೇ ಬರಲಿಲ್ಲ. ಕಾಲೇಜು, ವಿವಿಗಳಿಗೆ ಯುಜಿಸಿ ಕೊಡುವ ಹಣದ ಒಂದು ಭಾಗವನ್ನು ಅಲ್ಲಿ ಓದುವ ಮಕ್ಕಳ ವೈವಿಧ್ಯಕ್ಕೆ ಜೋಡಿಸಿ ಎಂದಿತ್ತು ಆ ಸಮಿತಿ. ಆ ವೈವಿಧ್ಯವನ್ನು ಅಳೆಯುವುದು ಹೇಗೆ ಎಂದು ನೋಡಲು ಅಮಿತಾಭ್ ಕುಂಡು ಅವರ ತಜ್ಞರ ಗುಂಪು ಕೂತು 2008ರಲ್ಲಿ ವರದಿಯನ್ನೂ ಕೊಟ್ಟಿತು. ವರದಿ ಕಪಾಟಿನಲ್ಲೇ ಉಳಿಯಿತು. ದೇಶದ ಒಟ್ಟು ಅಂಕಿ ಮಾತ್ರ ವರ್ಷ ವರ್ಷ ಬರುತ್ತದೆ. 2011ರ ಜನಗಣತಿಯಲ್ಲಿ ಮುಸ್ಲಿಮರು ಶೇ. 14.2. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ 2020-21ರಲ್ಲಿ ಕಾಲೇಜು ವಿದ್ಯಾರ್ಥಿಗಳ ಪೈಕಿ ಶೇ. 4.6. ಹಿಂದಿನ ವರ್ಷಕ್ಕಿಂತ ಅದು ಕಡಿಮೆ. ಮರು ವರ್ಷ ಸ್ವಲ್ಪ ಏರಿ ಸುಮಾರು 21 ಲಕ್ಷವಾಯಿತು.

ಈ ಅಂಕಿಯಿಂದ ಬನಹಟ್ಟಿಗೆ ಏನೂ ತಿಳಿಯುವುದಿಲ್ಲ. ಅಲ್ಲಿಗೆ ಬೇಕಾದ್ದು ಬೇರೆ. ಮಗ್ಗದ ಮನೆಗಳಿಂದ ಪಿಯುಸಿ ದಾಟಿದವರು ಎಷ್ಟು, ಅವರಲ್ಲಿ ಪದವಿಗೆ ಹೋದವರು ಎಷ್ಟು, ಜಮಖಂಡಿಯ ಎಂಎ ತರಗತಿಗೆ ಬಂದವರು ಎಷ್ಟು, ಯಾವ ಮೆಟ್ಟಿಲಲ್ಲಿ ಯಾರು ಇಳಿದುಹೋದರು? 2022ರ ಫೆಬ್ರವರಿಯ ಹಿಜಾಬ್ ಗಲಾಟೆಯಲ್ಲಿ ರಬಕವಿ-ಬನಹಟ್ಟಿಯಲ್ಲೂ ಕಲ್ಲು ತೂರಾಟವಾಯಿತು. ಆ ವರ್ಷ ಈ ನಾಲ್ಕು ತಾಲೂಕಿನ ಕಾಲೇಜುಗಳಿಂದ ಹೊರಬಿದ್ದ ಹುಡುಗಿಯರಲ್ಲಿ ಮರಳಿ ಬಂದವರೆಷ್ಟು? ಬೀಳಗಿಯ ಪುನರ್ವಸತಿ ಊರಿನ ಮಕ್ಕಳಿಗೆ ಬಸ್ ಇದೆಯಾ? ದಲಿತ ಹುಡುಗನಿಗೆ, ಮುಸ್ಲಿಂ ಹುಡುಗಿಗೆ ತರಗತಿಯಲ್ಲಿ ಎಂಥ ಮಾತು ಕೇಳಿಬರುತ್ತದೆ? ಯುಜಿಸಿಯ 2012ರ ಸಮಾನತೆ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲಿ ಸಮಾನ ಅವಕಾಶ ಘಟಕ, ತಾರತಮ್ಯ ತಡೆ ಅಧಿಕಾರಿ ಇರಬೇಕಿತ್ತು. ಹಾಗೊಬ್ಬರು ಇದ್ದಾರೆಂದು ಎಷ್ಟು ಮಕ್ಕಳಿಗೆ ಗೊತ್ತು?

ಇವು ದೂರುಗಳಲ್ಲ, ಎಣಿಸಿ ಉತ್ತರ ಹೇಳಬಹುದಾದ ಪ್ರಶ್ನೆಗಳು. ಅರ್ಜಿ ಗೆಲ್ಲುವುದು, ಸೋಲುವುದು ಇಲ್ಲೇ. ನಮ್ಮವರು ಬರೆಯುವ ಎಷ್ಟೋ ಪ್ರಸ್ತಾವಗಳಲ್ಲಿ ಸಮುದಾಯ ಹಿಂದುಳಿದಿದೆ, ಅನ್ಯಾಯವಾಗಿದೆ ಎಂದು ಮೂರು ಪುಟ ಇರುತ್ತದೆ. ಯಾವ ಊರು, ಎಷ್ಟು ಮನೆ, ಯಾರನ್ನು ಮಾತಾಡಿಸುತ್ತೇವೆ, ಎಷ್ಟು ತಿಂಗಳು, ಸುತ್ತಾಟಕ್ಕೆ ಎಷ್ಟು, ಕೆಲಸ ಮಾಡುವ ಹುಡುಗರಿಗೆ ಎಷ್ಟು ಎಂಬುದು ಮೂರು ಸಾಲಿನಲ್ಲಿ ಮುಗಿದಿರುತ್ತದೆ. ಇದು ತಿರುಗಬೇಕು. ಬರೆಯುವುದನ್ನು ಕಲಿಸುವವರು ಬೇಕೆಂದರೆ ಧಾರವಾಡದಲ್ಲಿ ಸಿಎಂಡಿಆರ್ ಎಂಬ ಸಂಶೋಧನಾ ಕೇಂದ್ರವಿದೆ. ಸಮಾಜ ವಿಜ್ಞಾನ ಮಂಡಳಿಯ ನೆರವಿನಿಂದಲೇ ನಡೆಯುವ ಸಂಸ್ಥೆ. ವಿವಿಗಳ ಹಂತದಲ್ಲಿ ಪಿಎಂ-ಉಷಾ ಯೋಜನೆಯಿದೆ. 2023ರಲ್ಲಿ ಬಂದ ಅದರಲ್ಲಿ ಲಿಂಗ ಸಮಾನತೆ ಮತ್ತು ಒಳಗೊಳ್ಳುವಿಕೆಗೆ ಜಿಲ್ಲೆಗೆ 10 ಕೋಟಿವರೆಗೆ ಕೊಡುವ ಭಾಗವೇ ಇದೆ. ಕೇಳಬೇಕಾದ್ದು ರಾಜ್ಯ ಸರ್ಕಾರ, ಕೇಳುವಂತೆ ಮಾಡಬೇಕಾದ್ದು ಶಾಸಕರು.

ಬ್ಯಾರಿಗಳಾದ ನಮಗೆ ಇದರ ಬೆಲೆ ಗೊತ್ತಿರಬೇಕು. ನಮ್ಮ ಭಾಷೆ, ಚರಿತ್ರೆ ಬಗ್ಗೆ ಇಂದು ನಾಲ್ಕು ಮಾತು ದಾಖಲೆಯಿಟ್ಟು ಹೇಳಲು ಬರುತ್ತದೆ ಎಂದರೆ ಅದಕ್ಕೆ ಸುಶೀಲಾ ಉಪಾಧ್ಯಾಯ, ವಹಾಬ್ ದೊಡ್ಡಮನೆ, ಬಿ.ಎಂ. ಇಚ್ಲಂಗೋಡು ಅಂಥವರು ಕೂತು ಸಂಶೋಧನೆ ಮಾಡಿದ್ದು ಕಾರಣ. ಮಂಗಳೂರು ವಿವಿಯಲ್ಲಿ ಬ್ಯಾರಿ ಅಧ್ಯಯನ ಪೀಠ ಬಂದದ್ದು ಅದರ ಮುಂದಿನ ಮೆಟ್ಟಿಲು. ಪಕ್ಕದಲ್ಲಿ ವಿವಿ ಇದ್ದದ್ದರಿಂದ ಆದದ್ದು ಅದು. ರಬಕವಿಯ ಮಗ್ಗದ ಮುಸ್ಲಿಮರ ಬಗ್ಗೆ ಅವರದೇ ಮನೆಯ ಮಗಳು ಜಮಖಂಡಿಯಲ್ಲಿ ಕೂತು ಬರೆಯುವುದಕ್ಕೆ ಬೇಕಾದ್ದೂ ಅಷ್ಟೇ.

ಕೊನೆಗೆ ಒಂದು ಸಣ್ಣ ವಿಷಯ, ಸಣ್ಣದಾದರೂ ತುಂಬಾ ಅರ್ಜಿಗಳು ಇಲ್ಲೇ ಬೀಳುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಎಂ.ಡಿ. ಹುಡುಗಿಯರಿಗೆ ಬಾನು ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಆನ್‌ಲೈನ್ ಅರ್ಜಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ನೆಟ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಅರ್ಜಿ ಹಾಕಲು ಸಿಗುವುದು ಕೆಲವೇ ವಾರ. ಹೆಸರು ಸರಿಮಾಡಿಸಲು, ಜಾತಿ ಮತ್ತು ಆದಾಯ ಪ್ರಮಾಣಪತ್ರ ತರಲು ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಮನೆಯಲ್ಲಿ ಪದವಿಯ ಕೊನೆಯ ವರ್ಷದ ಮಕ್ಕಳಿದ್ದರೆ ಈ ವಾರವೇ ಆ ಕಾಗದಗಳನ್ನೆಲ್ಲ ಒಂದು ಕಡೆ ಇಟ್ಟು ಹೆಸರು ಹೊಂದಿಸಿ ನೋಡಿ.