ಬದುವಿನ ಜಾಲಿ ಎಲ್ಲಿಂದ ಬಂತು?

ಹೊಲದ ಬದುವಿನ ಕರಿಜಾಲಿಯನ್ನು ಸಾಮಾನ್ಯವಾಗಿ ಯಾರೂ ನೆಟ್ಟಿರುವುದಿಲ್ಲ. ಆಡು ಕುರಿಗಳು ಕಾಯಿ ತಿಂದು ಹಿಕ್ಕೆ ಹಾಕಿದಲ್ಲಿ ಹುಟ್ಟುತ್ತದೆ, ಬೆಳೆದರೆ ಕುಂಟೆ, ಕೂರಿಗೆ, ಬಂಡಿಗೆ ಕಟ್ಟಿಗೆಯಾಗುತ್ತದೆ. ಇಂಥ ಗಿಡದ ಮೂಲ ವಿಚಾರಿಸಿ ಏನು ಲಾಭವೆಂದು ಮಸ್ಕಿಯ ರೈತರೊಬ್ಬರು ನನ್ನನ್ನು ಕೇಳಿದರು. ಲಾಭವಿದೆ ಎಂಬುದೇ ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಹೆಚ್ಚು ಕೆಲಸ ನಡೆದಿರುವುದು ಯುರೋಪಿನ ಓಕ್ ಮರಗಳ ಮೇಲೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತೀವ್ರ ಕಾಲದಲ್ಲಿ, ಉತ್ತರ ಯುರೋಪು ಹಿಮದಡಿ ಇತ್ತು. ಓಕ್ ಮರಗಳು ದಕ್ಷಿಣದ ಸ್ಪೇನ್, ಇಟಲಿ, ಬಾಲ್ಕನ್ ಪ್ರದೇಶಗಳಲ್ಲಿ ಉಳಿದುಕೊಂಡು, ಹಿಮ ಕರಗಿದಂತೆ ಉತ್ತರಕ್ಕೆ ಹರಡಿದವು. ಯಾವ ಕಾಡಿನ ಮರ ಯಾವ ದಿಕ್ಕಿನಿಂದ ಬಂತೆಂಬುದನ್ನು ಅದರ ಎಲೆಯೇ ಹೇಳುತ್ತದೆ. ಎಲೆಯ ಹಸಿರು ಕಣಗಳಲ್ಲಿ ಒಂದಿಷ್ಟು ವಂಶವಾಹಿ ದ್ರವ್ಯವಿರುತ್ತದೆ. ಓಕಿನಲ್ಲಿ ಇದು ತಾಯಿಮರದ ಬೀಜದ ಮೂಲಕವೇ ಮುಂದಿನ ಪೀಳಿಗೆಗೆ ಇಳಿಯುತ್ತದೆ, ಗಾಳಿಯಲ್ಲಿ ಹಾರುವ ಪರಾಗದಿಂದಲ್ಲ. ಆದ್ದರಿಂದ ಬೀಜ ಸಾಗಿಬಂದ ದಾರಿಯ ಗುರುತು ಅದರಲ್ಲಿ ಉಳಿದಿರುತ್ತದೆ. 2,500ಕ್ಕೂ ಹೆಚ್ಚು ಸ್ಥಳಗಳ ಮರಗಳನ್ನು ಪರೀಕ್ಷಿಸಿ ಈ ದಾರಿಗಳ ನಕ್ಷೆಯನ್ನು 2002ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ಬೀಜ ಹೊತ್ತವುಗಳಲ್ಲಿ ಜೇ ಎಂಬ ಹಕ್ಕಿ ಮುಖ್ಯವಾದುದು. ನಮ್ಮ ಜಾಲಿಗೆ ಆಡು ಇದ್ದಂತೆ.

ನಮ್ಮ ಬಯಲುಸೀಮೆಗೆ ಹಿಮ ಬರಲಿಲ್ಲ. ಆದರೆ ಆ ಕಾಲದಲ್ಲಿ ಮುಂಗಾರು ಕ್ಷೀಣಿಸಿತ್ತು. ನೀಲಗಿರಿಯ ಜವುಗು ನೆಲದ ಮಣ್ಣನ್ನು ಪರೀಕ್ಷಿಸಿ, ಆಗ ಅಲ್ಲಿ ಒಣಹವೆಯ ಹುಲ್ಲೇ ಹೆಚ್ಚಿತ್ತೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಮುಂದೆ ಮಳೆ ಚೇತರಿಸಿತು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿಯೂ ಮಸ್ಕಿಯಲ್ಲಿಯೂ ನವಶಿಲಾಯುಗದ ದನಗಾರರು ನೆಲೆಸಿದರು. ಅವರ ಆಡು ದನಗಳ ಹೊಟ್ಟೆಯಲ್ಲಿ ಜಾಲಿ ಬೀಜ ಎಷ್ಟು ದೂರ ಸಾಗಿತು? ಉತ್ತರ ಹಳೆಯ ಗಿಡಗಳಲ್ಲಿಯೇ ಇದೆ. ಸಿಂಧನೂರಿನ ಕಾಲುವೆ ಪ್ರದೇಶದಲ್ಲಿ ಗದ್ದೆ ಸಮ ಮಾಡುವಾಗ ಅಂಥ ಎಷ್ಟೋ ಗಿಡಗಳು ಹೋದವು.

ಮನುಷ್ಯನೇ ಬೀಜ ಹೊತ್ತು ತಂದರೆ ಏನಾಗುತ್ತದೆಂಬುದಕ್ಕೆ ಸವಣೂರಿನ ದೊಡ್ಡಹುಣಸೆ ನೋಡಬೇಕು. ಹೆಸರು ಹುಣಸೆ, ಆದರೆ ಅದು ಆಫ್ರಿಕದ ಮರ. 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಂತೆ ಭಾರತದಲ್ಲಿರುವ ಈ ಜಾತಿಯ ಮರಗಳಿಗೆ ಮೊಂಬಾಸಾ–ದಾರ್ ಎಸ್ ಸಲಾಮ್ ಕರಾವಳಿಯ ಮರಗಳೇ ಹತ್ತಿರದ ಬಳಗ. ಒಂದೇ ಸಲವಲ್ಲ, ಹಲವು ಸಲ ಬಂದಿವೆ. ಹಾಗಿದ್ದರೂ ಆಫ್ರಿಕದಲ್ಲಿರುವಷ್ಟು ವಂಶವೈವಿಧ್ಯ ಇಲ್ಲಿಲ್ಲ. ತಂದ ಬೀಜ ಸ್ವಲ್ಪವಾದರೆ ವಂಶ ಕಿರಿದಾಗುವುದು ಸಹಜ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದಾರಿಬದಿಯ ಒಂದೇ ಒಳ್ಳೆಯ ಜಾಲಿಯ ಕಾಯಿ ಆಯಿಸಿ, ನೂರಾರು ಸಸಿ ಮಾಡಿ ಹಂಚಿದೆ. ನೋಡಲು ಎಲ್ಲವೂ ಚೆಂದ. ಆದರೆ ಅವೆಲ್ಲ ಒಂದೇ ತಾಯಿಯ ಮಕ್ಕಳು. ಅವು ತಮ್ಮತಮ್ಮಲ್ಲೇ ಕೂಡಿ ಬೀಜ ಕಟ್ಟಿದರೆ ಮುಂದಿನ ಪೀಳಿಗೆ ಸೊರಗುವ ಸಂಭವ ಹೆಚ್ಚು. ಒಂದು ರೋಗ ತಗುಲಿದರೂ ಎಲ್ಲಕ್ಕೂ ತಗುಲೀತು. ಬತ್ತದ ಬೀಜ ಕೊಳ್ಳುವಾಗ ತಳಿ ಕೇಳುವ ನಾವು, ಅರವತ್ತು ವರ್ಷ ನಿಲ್ಲಬೇಕಾದ ಗಿಡದ ಸಸಿ ಕೊಳ್ಳುವಾಗ ಏನನ್ನೂ ಕೇಳುವುದಿಲ್ಲ. ನರ್ಸರಿಯವರು ತಾವಾಗಿ ಹೇಳುವುದೂ ಇಲ್ಲ.

ಆದಕಾರಣ ಸಸಿ ತರುವ ಮುನ್ನ ಬೀಜ ಯಾವ ಊರಿನದು, ಎಷ್ಟು ಮರಗಳದು ಎಂದು ರೈತ ಬಾಂಧವರು ಕೇಳಬೇಕು. ಸರಿಯಾದ ಉತ್ತರ ಸಿಗದಿದ್ದರೆ ತಾವೇ ಬೀಜ ಕೂಡಿಸುವುದು ಲೇಸು. ಬೇಸಿಗೆಯಲ್ಲಿ ಕಾಯಿ ಮಾಗಿದಾಗ ತಮ್ಮ ಸೀಮೆಯ ಹಳೆಯ ಜಾಲಿಗಳಲ್ಲಿ ಕನಿಷ್ಠ 20ನ್ನು, ಒಂದರಿಂದೊಂದು 100 ಮೀಟರಿನಷ್ಟು ದೂರವಿರುವುದನ್ನು, ಆರಿಸಿಕೊಂಡು ಎಲ್ಲದರಿಂದಲೂ ಸಮನಾಗಿ ಕಾಯಿ ಬಿಡಿಸಿ ಬೆರೆಸಬೇಕು. ಚೀಲದ ಮೇಲೆ ಊರು, ತಿಂಗಳು ಬರೆದಿಡಬೇಕು. ಬೀಜದ ಸಿಪ್ಪೆ ಗಟ್ಟಿ. ಬಿತ್ತುವ ಹಿಂದಿನ ರಾತ್ರಿ ಕುದಿದ ನೀರನ್ನು ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ಬೆಳಗಿನವರೆಗೆ ನೆನೆಯಬಿಟ್ಟರೆ ಮೊಳಕೆ ಚೆನ್ನಾಗಿ ಬರುತ್ತದೆ.